ಭಯಕ್ಕೊಂದು ನಮೂನೆ: ಎಸ್‌ಸಿಪಿ ಫೌಂಡೇಶನ್ ಬಳಗ ನೆಲೆನಿಂತ ಬಗೆ

ಹಾರರ್ ಅಭಿಮಾನಿಗಳಿಗಾಗಿ ಅಂತರ್ಜಾಲದಲ್ಲಿ ಬಳಗ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಹೆಸರು, ಲೋಗೊ, ಟೆಲಿಗ್ರಾಂ ಗುಂಪು, ಇನ್‌ಸ್ಟಾಗ್ರಾಂ ಪುಟ ಇವುಗಳ ಹಿಂದೆ ಬೀಳುತ್ತಾರೆ. ಮೊದಲ ವಾರಗಳಲ್ಲಿ ಸಿನಿಮಾ ಪೋಸ್ಟರುಗಳು, 'ನಿಮಗೆ ದೆವ್ವ ಕಂಡಿದೆಯಾ?' ಎಂಬ ಪ್ರಶ್ನೆಗಳು, ಎಲ್ಲಿಂದಲೋ ಎತ್ತಿ ತಂದ ಕಥೆಗಳು ತುಂಬಿಕೊಳ್ಳುತ್ತವೆ. ಆಮೇಲೆ ಬರೆಯುವವರು ಇಬ್ಬರು ಮೂವರೇ ಉಳಿಯುತ್ತಾರೆ, ಉಳಿದವರು ಸದ್ದಿಲ್ಲದೆ ಹೊರಗೆ ಹೋಗುತ್ತಾರೆ. ಹೀಗಾಗದೆ 2008ರಿಂದ ಇಂದಿನವರೆಗೆ ಬರೆಯುತ್ತಲೇ ಇರುವ ಒಂದು ಬಳಗ ಎಸ್‌ಸಿಪಿ ಫೌಂಡೇಶನ್. ವಿಚಿತ್ರ ವಸ್ತುಗಳನ್ನು ಹಿಡಿದು ಕೂಡಿಹಾಕುವ ಒಂದು ಕಾಲ್ಪನಿಕ ರಹಸ್ಯ ಸಂಸ್ಥೆಯ ದಾಖಲೆಗಳೆಂಬಂತೆ ಇಲ್ಲಿನವರು ಕಥೆ ಬರೆಯುತ್ತಾರೆ; ಆ ಸಂಸ್ಥೆಯ ಹೆಸರೇ ಬಳಗದ ಹೆಸರು. ಈ ಬಳಗಕ್ಕೆ ಒಬ್ಬ ಮಾಲೀಕನಿಲ್ಲ, ಸಂಭಾವನೆಯೂ ಇಲ್ಲ. ಅದರ ದಾಖಲೆಗಳ ಸಂಖ್ಯೆ ಈಗ 8000ವನ್ನು ದಾಟಿದೆ, ಇಂಗ್ಲಿಷ್ ಅಲ್ಲದೆ 15 ಭಾಷಾ ಶಾಖೆಗಳು ಅಧಿಕೃತವಾಗಿ ನಡೆಯುತ್ತಿವೆ. ಈ ಬಳಗದ ನಿಯಮಗಳಲ್ಲಿ ಹೆಚ್ಚಿನವು ಯಾವುದಾದರೊಂದು ತೊಂದರೆ ಎದುರಾದ ಮೇಲೆ ಹುಟ್ಟಿದವು. ಆ ತೊಂದರೆಗಳು ಯಾವುವು, ಅವಕ್ಕೆ ಕಂಡುಕೊಂಡ ಪರಿಹಾರದಲ್ಲಿ ಯಾವುದು ನಿಂತಿತು ಎಂಬುದೇ ಈ ಅಧ್ಯಯನದ ವಿಷಯ.

ಆರಂಭ: ಒಂದು ಚಿತ್ರ, ಒಂದು ವರದಿ

2007ರಲ್ಲಿ ಫೋರ್‌ಚಾನ್ ಎಂಬ ಅನಾಮಿಕ ತಾಣದ ಅಲೌಕಿಕ ವಿಷಯಗಳ ವಿಭಾಗದಲ್ಲಿ ಯಾರೋ ಒಂದು ಚಿತ್ರ ಹಾಕಿ, ಅದರ ಜೊತೆಗೆ ಒಂದು ಪುಟವೂ ತುಂಬದ ಬರಹವನ್ನು ಅಂಟಿಸಿದರು. ವಸ್ತುವಿನ ಸಂಖ್ಯೆ ಎಸ್‌ಸಿಪಿ-173. ಕಾಂಕ್ರೀಟು ಮತ್ತು ಕಬ್ಬಿಣದ ಸರಳಿನಿಂದ ಮಾಡಿದ ಒಂದು ಆಕೃತಿ. ಯಾರಾದರೂ ನೋಡುತ್ತಿರುವಷ್ಟು ಹೊತ್ತು ಅದು ಅಲುಗಾಡುವುದಿಲ್ಲ. ಕಣ್ಣು ಮಿಟುಕಿಸಿದರೆ ಕತ್ತು ಮುರಿಯುತ್ತದೆ. ಕೋಣೆಯೊಳಗೆ ಹೋಗುವವರು ಮೂರು ಜನಕ್ಕಿಂತ ಕಡಿಮೆ ಇರಬಾರದು, ಒಳಗೆ ಹೋದ ಮೇಲೆ ಬಾಗಿಲಿಗೆ ಮತ್ತೆ ಬೀಗ ಹಾಕಬೇಕು, ಕಣ್ಣು ಮಿಟುಕಿಸುವ ಮುನ್ನ ಒಬ್ಬರಿಗೊಬ್ಬರು ಎಚ್ಚರಿಕೆ ಕೊಡಬೇಕು ಎಂದೆಲ್ಲ ಕಚೇರಿ ಭಾಷೆಯಲ್ಲಿ ಬರೆದಿತ್ತು. ಕಥೆ ಇಲ್ಲ, ನಾಯಕನಿಲ್ಲ, ಕೊನೆಯೂ ಇಲ್ಲ.

ಓದಿದವರಲ್ಲಿ ಕೆಲವರು ಅದೇ ಮಾದರಿಯಲ್ಲಿ ಬೇರೆ ಸಂಖ್ಯೆ ಕೊಟ್ಟು ಬರೆಯತೊಡಗಿದರು. 'ಬನ್ನಿ, ಬಳಗ ಕಟ್ಟೋಣ' ಎಂದು ಯಾರೂ ಕರೆ ಕೊಟ್ಟಿರಲಿಲ್ಲ. ಮೊದಲ ಬರಹವೇ ಒಂದು ಖಾಲಿ ಅರ್ಜಿ ನಮೂನೆಯಂತೆ ಎಲ್ಲರ ಕೈಗೂ ಸಿಕ್ಕಿತ್ತು. ಸಂಖ್ಯೆ 173 ಆದ್ದರಿಂದ ಅದರ ಹಿಂದೆ 172 ಇರಬೇಕು, ಮುಂದೆ ನೂರಾರು ಇರಬೇಕು ಎಂಬ ಸೂಚನೆ ಅದರೊಳಗೇ ಇತ್ತು. ಬಳಗ ಆರಂಭಿಸುವವರು ಗಮನಿಸಬೇಕಾದ ಮೊದಲ ಅಂಶ ಇದು: ಸದಸ್ಯರಿಗೆ ಕೊಟ್ಟದ್ದು 'ಏನಾದರೂ ಭಯಾನಕವಾದದ್ದನ್ನು ಬರೆಯಿರಿ' ಎಂಬ ಮುಕ್ತ ಆಹ್ವಾನ ಆಗಿದ್ದರೆ ಹೆಚ್ಚಿನವರು ಬರೆಯುತ್ತಲೇ ಇರಲಿಲ್ಲ. ತುಂಬಬೇಕಾದ ನಾಲ್ಕು ಖಾನೆಗಳು ಕಣ್ಣೆದುರು ಇದ್ದುದರಿಂದ ಎಂದೂ ಕಥೆ ಬರೆಯದವರೂ ಕೈ ಹಚ್ಚಿದರು.

ನಮೂನೆಯ ಒಳಗುಟ್ಟು

ಆ ಖಾನೆಗಳು ಹೀಗಿವೆ. ಮೊದಲು ವಸ್ತುವಿನ ಸಂಖ್ಯೆ. ನಂತರ ಅದರ ವರ್ಗ. ಅದರ ಕೆಳಗೆ ವಿಶೇಷ ಬಂಧನ ಕ್ರಮಗಳು, ಅಂದರೆ ಆ ವಸ್ತುವನ್ನು ಹೇಗೆ ಕೂಡಿಹಾಕಬೇಕು, ಯಾರು ಹತ್ತಿರ ಹೋಗಬಹುದು, ಏನನ್ನು ಮಾಡಲೇಬಾರದು. ಅದಾದ ಮೇಲೆ ವಿವರಣೆ. ಬೇಕಿದ್ದರೆ ಕೊನೆಗೆ ಅನುಬಂಧಗಳು: ಪ್ರಯೋಗದ ದಾಖಲೆ, ಸಂದರ್ಶನ, ಘಟನೆಯ ವರದಿ.

ಬಂಧನ ಕ್ರಮ ವಿವರಣೆಗಿಂತ ಮೊದಲು ಬರುವುದರಲ್ಲೇ ಈ ನಮೂನೆಯ ಶಕ್ತಿಯೆಲ್ಲ ಅಡಗಿದೆ. 'ಕೋಣೆಯಲ್ಲಿ ಕನ್ನಡಿ ಇಡತಕ್ಕದ್ದಲ್ಲ' ಎಂಬ ಸಾಲನ್ನು ಓದಿದವನಿಗೆ ಕಾರಣ ಇನ್ನೂ ಗೊತ್ತಿಲ್ಲ. ಆ ಕಾರಣವನ್ನು ಅವನ ಮನಸ್ಸೇ ಊಹಿಸತೊಡಗುತ್ತದೆ, ವಿವರಣೆ ಬರುವಷ್ಟರಲ್ಲಿ ಅರ್ಧ ಭಯ ಅವನೇ ಹುಟ್ಟಿಸಿಕೊಂಡಿರುತ್ತಾನೆ. ಈ ಕ್ರಮ ನಮಗೆ ಹೊಸದಲ್ಲ. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ಮನೆ ಬಾಗಿಲುಗಳ ಮೇಲೆ ಬರೆದಿದ್ದ 'ನಾಳೆ ಬಾ' ಕೂಡ ಬಂಧನ ಕ್ರಮವೇ. ಬರುವವಳು ಯಾರು ಎಂದು ಸರಿಯಾಗಿ ಗೊತ್ತಿಲ್ಲದ ಮಕ್ಕಳೂ ಬಾಗಿಲ ಮೇಲಿನ ಆ ಎರಡು ಪದ ನೋಡಿ ಹೆದರುತ್ತಿದ್ದರು.

ವರ್ಗಗಳು ಮೂಲತಃ ಮೂರು: ಸೇಫ್, ಯೂಕ್ಲಿಡ್, ಕೆಟರ್. ಹೊಸ ಲೇಖಕರು ತಪ್ಪುವುದು ಇಲ್ಲೇ. ಸೇಫ್ ಎಂದರೆ ಅಪಾಯವಿಲ್ಲದ್ದು, ಕೆಟರ್ ಎಂದರೆ ಭಾರಿ ಅಪಾಯದ್ದು ಎಂದುಕೊಂಡು, ತಮ್ಮ ವಸ್ತು ದೊಡ್ಡದೆನಿಸಲಿ ಎಂದು ಎಲ್ಲರೂ ಕೆಟರ್ ಎಂದೇ ಬರೆಯುತ್ತಾರೆ. ಬಳಗದವರು ಇದಕ್ಕೊಂದು ಸರಳ ಪರೀಕ್ಷೆ ಇಟ್ಟುಕೊಂಡಿದ್ದಾರೆ. ವಸ್ತುವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹೊರಟುಹೋದರೆ ಏನೂ ಆಗುವುದಿಲ್ಲವೆಂದರೆ ಸೇಫ್. ಏನಾಗುತ್ತದೆಂದು ಖಚಿತವಾಗಿ ಹೇಳಲಾಗದಿದ್ದರೆ ಯೂಕ್ಲಿಡ್. ಸುಲಭವಾಗಿ ಹೊರಗೆ ಬರುತ್ತದೆಂದರೆ ಕೆಟರ್. ಅಂದರೆ ಒಂದು ಗುಂಡಿ ಒತ್ತಿದರೆ ಊರನ್ನೇ ಸುಡುವ ಯಂತ್ರವೂ ಯಾರೂ ಒತ್ತದಿದ್ದರೆ ಸೇಫ್. ವರ್ಗ ಹೇಳುವುದು ಹಿಡಿದಿಡುವ ಕಷ್ಟವನ್ನು, ಕೊಲ್ಲುವ ಬಲವನ್ನಲ್ಲ.

ಎರಡನೆಯ ಸಾಮಾನ್ಯ ತಪ್ಪು ಅಕ್ಷರ ಮುಚ್ಚುವ ಕಪ್ಪು ಪಟ್ಟೆಯದು. ರಹಸ್ಯ ದಾಖಲೆ ಎನ್ನಿಸಲು ಹೆಸರು, ದಿನಾಂಕ, ಕೆಲವು ಸಾಲುಗಳನ್ನು ಮಸಿ ಬಳಿದು ಮುಚ್ಚುವುದು ಈ ಬರವಣಿಗೆಯ ಗುರುತು. ಆದರೆ ಮುಚ್ಚಿದ ಜಾಗದ ಅಕ್ಕಪಕ್ಕದ ಮಾತುಗಳು ಓದುಗನನ್ನು ಒಂದು ನಿರ್ದಿಷ್ಟ ಊಹೆಗೆ ತಳ್ಳಬೇಕು. 'ಮಗುವಿನ ಕೈಯಲ್ಲಿದ್ದ ████ ಅನ್ನು ತಾಯಿಗೆ ತೋರಿಸಲಿಲ್ಲ' ಎಂದರೆ ಕೆಲಸ ಆಯಿತು. 'ಆಗ ████ ಬಂದು ████ ಮಾಡಿತು' ಎಂದರೆ ಲೇಖಕರಿಗೇ ಏನೂ ಹೊಳೆದಿಲ್ಲವೆಂದು ಓದುಗರಿಗೆ ತಿಳಿದುಬಿಡುತ್ತದೆ.

ತಾಣ ಬದಲಿಸಬೇಕಾಗಿ ಬಂದದ್ದು

ಫೋರ್‌ಚಾನ್‌ನಲ್ಲಿ ಹಳೆಯ ಬರಹಗಳು ತಾವಾಗಿಯೇ ಅಳಿಸಿಹೋಗುತ್ತವೆ. ಆದ್ದರಿಂದ 2008ರ ಜನವರಿಯಲ್ಲಿ ಎಡಿಟ್‌ದಿಸ್ ಎಂಬ ಉಚಿತ ಸೇವೆಯಲ್ಲಿ ಪ್ರತ್ಯೇಕ ವಿಕಿ, ಅಂದರೆ ಹಲವರು ಸೇರಿ ಬರೆದು ತಿದ್ದುವ ತಾಣ, ತೆರೆದು ಬರಹಗಳನ್ನು ಅಲ್ಲಿ ಜೋಡಿಸಿದರು. ಆ ತಾಣದಲ್ಲಿ ಮೂರು ಕೊರತೆಗಳಿದ್ದವು. ಮೇಲ್ವಿಚಾರಕರಿರಲಿಲ್ಲ. ಕೆಟ್ಟ ಪುಟವನ್ನು ಅಳಿಸುವ ಅನುಕೂಲವೇ ಇರಲಿಲ್ಲ. ಎಲ್ಲರೂ ಒಂದೆಡೆ ಕೂತು ಮಾತಾಡುವ ಜಾಗವಿರಲಿಲ್ಲ, ಒಂದೊಂದು ಲೇಖನದ ಚರ್ಚಾಪುಟದಲ್ಲಿ ಬಿಡಿಬಿಡಿಯಾಗಿ ಮಾತು ನಡೆಯುತ್ತಿತ್ತು. ಅಷ್ಟರಲ್ಲಿ ಆ ಸೇವೆ ಹಣ ಕೇಳತೊಡಗಿತು. 2008ರ ಜುಲೈನಲ್ಲಿ ಇಡೀ ಬಳಗ ಇನ್ನೊಂದು ವಿಕಿ ಸೇವೆಯಾದ ವಿಕಿಡಾಟ್‌ಗೆ ಸ್ಥಳಾಂತರಗೊಂಡಿತು.

ಹೊಸ ತಾಣದಲ್ಲಿ ಪ್ರತಿ ಪುಟಕ್ಕೂ ಮತ ಹಾಕುವ ಸೌಲಭ್ಯ, ಪುಟದ ಬದಲಾವಣೆಗಳ ಇತಿಹಾಸ, ಚರ್ಚಾಪುಟ, ಸಾಮಾನ್ಯ ಚರ್ಚಾಂಗಳ ಎಲ್ಲವೂ ಒಟ್ಟಿಗೆ ಸಿಕ್ಕವು. ಮುಂದಿನ ಬೆಳವಣಿಗೆಯೆಲ್ಲ ಈ ನಾಲ್ಕರ ಮೇಲೆ ನಿಂತಿದೆ. ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿನಲ್ಲಿ ಬರವಣಿಗೆಯ ಬಳಗ ಬೆಳೆಯದಿರಲು ಕಾರಣವೂ ಇಲ್ಲೇ ಕಾಣುತ್ತದೆ. ಅಲ್ಲಿ ಒಳ್ಳೆಯ ಕಥೆಯೊಂದು ಬಂದರೆ ಸಂಜೆಯೊಳಗೆ ನೂರು ಸಂದೇಶಗಳ ಕೆಳಗೆ ಹೂತುಹೋಗುತ್ತದೆ. ಹರಟೆಗೆ ಒಂದು ಜಾಗ, ಕರಡಿಗೆ ಇನ್ನೊಂದು, ಮುಗಿದ ಬರಹಕ್ಕೆ ಮೂರನೆಯದು ಇರಲೇಬೇಕು. ಎಸ್‌ಸಿಪಿಯವರು ಹರಟೆಯನ್ನು ನೇರ ಸಂದೇಶದ ಹಳೆಯ ವ್ಯವಸ್ಥೆಯಾದ ಐಆರ್‌ಸಿ ಕೊಠಡಿಗಳಿಗೆ ಬಿಟ್ಟರು, ಕರಡುಗಳಿಗೆ ಬೇರೆಯೇ ಒಂದು ಸ್ಯಾಂಡ್‌ಬಾಕ್ಸ್ ವಿಕಿ ತೆರೆದರು, ಮುಖ್ಯ ತಾಣದಲ್ಲಿ ಮುಗಿದ ಬರಹ ಮಾತ್ರ ಇರಬೇಕೆಂದರು.

ಬೇರೊಬ್ಬರ ಸೇವೆಯ ಮೇಲೆ ನಿಂತ ತೊಂದರೆ ಮಾತ್ರ ಪೂರ್ತಿ ತೀರಲಿಲ್ಲ. ವಿಕಿಡಾಟ್ ಹಳೆಯದಾಗುತ್ತ ಬಂದಂತೆ ಬಳಗದವರೇ ಅದರ ಮುಕ್ತ ತಂತ್ರಾಂಶವನ್ನು ಆಧರಿಸಿ ವಿಕಿಜಂಪ್ ಎಂಬ ಸ್ವಂತ ವೇದಿಕೆ ಕಟ್ಟಲು ತೊಡಗಬೇಕಾಯಿತು. ಸಾವಿರಾರು ಪುಟ, ಅವುಗಳ ಮತ, ಚರ್ಚೆ, ಇತಿಹಾಸ ಎಲ್ಲವನ್ನೂ ಸಾಗಿಸುವುದು ವರ್ಷಗಟ್ಟಲೆ ಹಿಡಿಯುವ ಕೆಲಸ. ಹೊಸಬರು ಮೊದಲ ದಿನವೇ ಮೂರು ಏರ್ಪಾಟು ಮಾಡಿಕೊಳ್ಳಬೇಕು: ಡೊಮೇನ್ ಹೆಸರು ಸ್ವಂತದ್ದಾಗಿರಲಿ, ಅದರ ಕೀಲಿ ಕನಿಷ್ಠ ಇಬ್ಬರ ಬಳಿ ಇರಲಿ, ಎಲ್ಲ ಬರಹಗಳ ಸರಳ ಪಠ್ಯಪ್ರತಿ ವಾರಕ್ಕೊಮ್ಮೆ ತಾಣದ ಹೊರಗೆ ಉಳಿಯಲಿ.

ಮತ, ಅಳಿಸುವಿಕೆ ಮತ್ತು ನೋವು

ನಮ್ಮ ದೃಷ್ಟಿಯಲ್ಲಿ ಈ ಬಳಗವನ್ನು ಉಳಿಸಿದ ಅತಿ ಮುಖ್ಯ ನಿರ್ಧಾರ ಅಳಿಸುವ ನಿರ್ಧಾರ. ಪ್ರತಿ ಸದಸ್ಯರೂ ಒಂದು ಬರಹಕ್ಕೆ ಒಂದು ಮೆಚ್ಚುಗೆಯ ಮತ ಅಥವಾ ಒಂದು ವಿರೋಧದ ಮತ ಹಾಕಬಹುದು. ಒಟ್ಟು ಲೆಕ್ಕ ಮೈನಸ್ 10ಕ್ಕೆ ಇಳಿದರೆ ಬರಹ ಅಳಿಸಲು ಅರ್ಹ. ನಿರ್ವಾಹಕರು ಚರ್ಚಾಪುಟದಲ್ಲಿ ಸೂಚನೆ ಹಾಕುತ್ತಾರೆ, ಲೇಖಕರಿಗೆ ತಿದ್ದಿಕೊಳ್ಳಲು ಸ್ವಲ್ಪ ಸಮಯ ಸಿಗುತ್ತದೆ, ಏಳದಿದ್ದರೆ ಪುಟ ಹೋಗುತ್ತದೆ, ಆ ಸಂಖ್ಯೆ ಬೇರೆಯವರಿಗೆ ತೆರೆಯುತ್ತದೆ.

ಕೇಳಲು ಕಠೋರ. ಆದರೆ ಹಾರರ್‌ಗೆ ಇದು ಬೇರೆ ಪ್ರಕಾರಗಳಿಗಿಂತ ಹೆಚ್ಚು ಅಗತ್ಯ. ಸಾಧಾರಣವಾದ ಪ್ರೇಮಕಥೆಯನ್ನು ಓದಿ ಮುಗಿಸಬಹುದು; ಸಾಧಾರಣವಾದ ಭಯದ ಕಥೆ ನಗು ತರಿಸುತ್ತದೆ, ಆ ನಗು ಪಕ್ಕದ ಒಳ್ಳೆಯ ಕಥೆಯ ಭಯವನ್ನೂ ಕೆಡಿಸುತ್ತದೆ. ಸತತವಾಗಿ ಐದು ಪುಟ ಸಪ್ಪೆಯಾಗಿದ್ದರೆ ಓದುಗ ಆರನೆಯದನ್ನು ತೆರೆಯುವುದಿಲ್ಲ.

ಮತದ ಪದ್ಧತಿಯಲ್ಲಿ ಹದಗೆಡಬಹುದಾದ ಸಂಗತಿಗಳು ಹಲವು. ಗೆಳೆಯರನ್ನು ಕರೆತಂದು ಮತ ಹಾಕಿಸುವುದು, ಎರಡನೆಯ ಖಾತೆ ತೆರೆದು ತಾನೇ ಹಾಕಿಕೊಳ್ಳುವುದು, ಒಬ್ಬರ ಮೇಲಿನ ಸಿಟ್ಟಿಗೆ ಅವರ ಎಲ್ಲ ಪುಟಗಳನ್ನೂ ಕೆಳಗಿಳಿಸುವುದು. ಇವಕ್ಕೆ ಮದ್ದಾಗಿ ಯಾರು ಯಾವ ಮತ ಹಾಕಿದರೆಂಬುದು ವಿಕಿಡಾಟ್‌ನಲ್ಲಿ ಎಲ್ಲರಿಗೂ ಕಾಣುವಂತಿದೆ. ಸದಸ್ಯರಾಗಲು ಅರ್ಜಿ ಬೇಕು. ನಿಯಮಾವಳಿ ಓದಿದವರಿಗೆ ಮಾತ್ರ ಅದು ಸಲೀಸು. ಇಷ್ಟು ಚಿಕ್ಕ ತಡೆಯೇ ತಮಾಷೆಗೆ ಬರುವವರನ್ನು ಬಹಳಮಟ್ಟಿಗೆ ಹೊರಗಿಡುತ್ತದೆ. 2012ರಲ್ಲಿ ಈ ಲೋಕವನ್ನೇ ಆಧರಿಸಿದ ಉಚಿತ ವಿಡಿಯೊ ಆಟವೊಂದು ಬಂದು ಜನಪ್ರಿಯವಾಗಿ, ಆಟವಾಡಿದ ಎಳೆಯರು ತಾಣಕ್ಕೆ ದಂಡಾಗಿ ಬಂದಾಗ ಈ ತಡೆ ಇಲ್ಲದಿದ್ದರೆ ಹಳಬರೆಲ್ಲ ಹೊರನಡೆಯುತ್ತಿದ್ದರು ಎಂದೇ ನಮ್ಮ ಅನಿಸಿಕೆ.

ಮೈನಸ್ 10 ಎಂಬ ಅಂಕೆಯನ್ನು ಚಿಕ್ಕ ಬಳಗ ಹಾಗೇ ಎರವಲು ತರಬಾರದು. ಸಾವಿರಾರು ಓದುಗರಿರುವಲ್ಲಿ ಅದು ಒಂದೆರಡು ದಿನದಲ್ಲಿ ತೀರ್ಮಾನವಾಗುತ್ತದೆ. ಮೂವತ್ತು ಜನರಿರುವಲ್ಲಿ ಯಾವ ಬರಹವೂ ಮೈನಸ್ 10 ತಲುಪುವುದಿಲ್ಲ, ಹಾಗಾಗಿ ಏನೂ ಅಳಿಯುವುದಿಲ್ಲ. ಅಲ್ಲಿ ಮೈನಸ್ 3 ಸಾಕು, ಜೊತೆಗೆ ಒಂದು ವಾರದ ಗಡುವು. ಅಳಿಸುವ ಮುನ್ನ ಪೂರ್ತಿ ಪಠ್ಯವನ್ನು ಲೇಖಕರ ಕೈಗೆ ಮರಳಿಸುವುದು ಕಡ್ಡಾಯವಾಗಲಿ. ಬರಹ ಹೋದದ್ದಕ್ಕಿಂತ ಪ್ರತಿ ಸಿಗದೆ ಹೋದದ್ದೇ ಹೆಚ್ಚು ಜನರನ್ನು ಓಡಿಸುತ್ತದೆ.

ಕರಡಿನ ಹಂತದಲ್ಲೇ ಸಲಹೆ ಸಿಗುವಂತಿದ್ದರೆ ಅಳಿಸಬೇಕಾದ ಪ್ರಸಂಗಗಳೂ ಕಡಿಮೆಯಾಗುತ್ತವೆ. ಎಸ್‌ಸಿಪಿಯಲ್ಲಿ ಮೊದಲು ಕಲ್ಪನೆಯನ್ನು ಒಂದೆರಡು ವಾಕ್ಯಗಳಲ್ಲಿ ಮುಂದಿಡುತ್ತಾರೆ: ಇದೇನು, ಓದುಗನಿಗೆ ಯಾಕೆ ಬೇಕು. ಅದು ನಿಂತರೆ ಕರಡು, ಕರಡು ನಿಂತರೆ ಪ್ರಕಟಣೆ. ಹತ್ತು ಪುಟ ಬರೆದ ಮೇಲೆ 'ಕಲ್ಪನೆಯೇ ಹಳೆಯದು' ಎಂದು ಕೇಳುವ ಸಂಕಟ ಇದರಿಂದ ತಪ್ಪುತ್ತದೆ.

ಆರಂಭದ ವರ್ಷಗಳಲ್ಲಿ ಕೈಕೊಟ್ಟ ಪ್ರಯೋಗವೊಂದಿದೆ. ಬರಹ ತೀರಾ ಕೆಟ್ಟದಾಗಿದ್ದರೆ ಅದನ್ನು ಸುಮ್ಮನೆ ಅಳಿಸುವ ಬದಲು, ಫೌಂಡೇಶನ್ನಿನ ಪಾತ್ರಗಳೇ ಬಂದು ಆ ವಸ್ತುವನ್ನು ನಾಶ ಮಾಡಿದರೆಂದು ನಿರ್ವಾಹಕರು ಪುಟದ ಕೊನೆಗೆ ಕಥೆ ಸೇರಿಸುತ್ತಿದ್ದರು. ಪರಿಣಾಮ ತಿರುಗುಬಾಣವಾಯಿತು. ಹಾಗೆ ನಾಶವಾಗುವುದೇ ಒಂದು ಗೌರವವೆನಿಸಿ ಬೇಕೆಂದೇ ಕೆಟ್ಟದಾಗಿ ಬರೆಯುವ ಆಸೆ ಕೆಲವರಿಗೆ ಹುಟ್ಟಿತು, ಸೂಕ್ಷ್ಮ ಮನಸ್ಸಿನ ಹೊಸಬರಿಗೆ ಅದು ಸಾರ್ವಜನಿಕ ಅವಮಾನವಾಯಿತು. ಆ ಪದ್ಧತಿ ನಿಂತುಹೋಯಿತು. ಅಳಿಸುವ ಕೆಲಸ ನೀರಸವಾಗಿಯೇ ನಡೆಯಬೇಕು. ಒಂದೇ ಮಾದರಿಯ ಒಂದು ಸೂಚನೆ, ಟೀಕೆ ಇಲ್ಲ, ಪ್ರೇಕ್ಷಕರಿಲ್ಲ.

ಅದೇ ಕಾಲದ ಇನ್ನೊಂದು ರೋಗ, ಸದಸ್ಯರು ತಮ್ಮನ್ನೇ ಫೌಂಡೇಶನ್ನಿನ ಡಾಕ್ಟರುಗಳಾಗಿ ಕಥೆಯೊಳಗೆ ತಂದುಕೊಂಡದ್ದು. ಆ ಡಾಕ್ಟರುಗಳು ಪ್ರಯೋಗಶಾಲೆಯಲ್ಲಿ ಕುಚೇಷ್ಟೆ ಮಾಡುತ್ತಾರೆ, ಭೀಕರ ವಸ್ತುಗಳ ಜೊತೆ ಆಟವಾಡುತ್ತಾರೆ. ಓದಲು ರಂಜನೆಯೇ. ಆದರೆ ಒಳಗಿನವರೇ ಹೆದರದ ಜಾಗದಲ್ಲಿ ಓದುಗ ಹೆದರುವುದಿಲ್ಲ. ಪಾತ್ರಕ್ಕೂ ಅದರ ಹಿಂದಿನ ನಿಜವಾದ ವ್ಯಕ್ತಿಗೂ ಗೆರೆ ಅಳಿದರೆ, ಆ ವ್ಯಕ್ತಿಯ ಮೇಲೆ ದೂರು ಬಂದ ದಿನ ನೂರಾರು ಪುಟಗಳನ್ನು ತಿದ್ದುವ ಕೆಲಸವೂ ಬರುತ್ತದೆ. ನಗೆಬರಹಕ್ಕೆ ಪ್ರತ್ಯೇಕ ವಿಭಾಗ ಮಾಡಿ, ಮುಖ್ಯ ದಾಖಲೆಗಳಿಂದ ಅದನ್ನು ದೂರ ಇಟ್ಟದ್ದು ಇದಕ್ಕೆ ಕಂಡ ಪರಿಹಾರ.

ಜಗಳವೇ ಏಳದ ಏರ್ಪಾಟು

ಸಾವಿರ ಜನ ಒಂದೇ ಲೋಕದ ಬಗ್ಗೆ ಬರೆದರೆ 'ನಿಜವಾದ ಕಥೆ ಯಾವುದು' ಎಂಬ ಜಗಳ ತಪ್ಪದು. ಇಲ್ಲಿ ಅಧಿಕೃತ ಕಥೆ ಎಂಬುದೇ ಇಲ್ಲ ಎಂದು ಸಾರಿಬಿಟ್ಟರು. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಬದ್ಧರಾಗಬೇಕಿಲ್ಲ, ಬೇಕಾದದ್ದನ್ನು ಆಯ್ದುಕೊಳ್ಳಬಹುದು. ಎಲ್ಲರೂ ಬಯಸುವ ಸಂಖ್ಯೆ 001. ಅದನ್ನು ಒಬ್ಬರಿಗೆ ಕೊಟ್ಟರೆ ಉಳಿದವರಿಗೆ ಕಹಿ. ಅದಕ್ಕೆ 001 ಅತ್ಯಂತ ರಹಸ್ಯವಾದ್ದರಿಂದ ಅದರ ಸುತ್ತ ಹಲವು ಸುಳ್ಳು ದಾಖಲೆಗಳನ್ನು ಹರಡಲಾಗಿದೆ, ನಿಜವಾದದ್ದು ಯಾವುದೆಂದು ಓದುಗ ತಿಳಿಯಲಾರ ಎಂದು ಕಥೆಯೊಳಗೇ ಕಾರಣ ಕಟ್ಟಿದರು. ಈಗ ಆ ಒಂದು ಸಂಖ್ಯೆಯಡಿ ಹತ್ತಾರು ಲೇಖಕರ ಪ್ರಸ್ತಾಪಗಳಿವೆ. ಆಡಳಿತದ ಸಮಸ್ಯೆಯೊಂದು ಕಥೆಯ ಸೊಗಸಾಗಿ ಬದಲಾದ ಇಂಥ ಉದಾಹರಣೆ ಬೇರೆ ಬಳಗಗಳಲ್ಲಿ ಅಪರೂಪ.

ಸಾವಿರದ ಮೈಲಿಗಲ್ಲಿನ ಸಂಖ್ಯೆಗಳನ್ನು ಸ್ಪರ್ಧೆಗೆ ಮೀಸಲಿಟ್ಟರು. 2017ರಲ್ಲಿ 3000ನೆಯ ಸಂಖ್ಯೆಗೆ ನಡೆದ ಸ್ಪರ್ಧೆಯ ವಸ್ತು ಹಾರರ್ ಎಂದೇ ಇತ್ತು. ಗೆದ್ದ ಬರಹದ ಹೆಸರು 'ಅನಂತಶೇಷ', ಬಂಗಾಳ ಕೊಲ್ಲಿಯ ತಳದಲ್ಲಿ ಮಲಗಿರುವ, ನೂರಾರು ಕಿಲೋಮೀಟರ್ ಉದ್ದದ ಹಾವುಮೀನಿನ ದಾಖಲೆ. ಅದರ ಸನಿಹ ಹೋದವರ ನೆನಪು ಕಳಚುತ್ತ ಹೋಗುತ್ತದೆ. ನಮ್ಮ ಪುರಾಣದ ಹೆಸರೊಂದು ನಮ್ಮ ಕಡಲಿನಲ್ಲೇ, ಇಂಗ್ಲಿಷಿನಲ್ಲಿ, ಹೊಸ ಭಯವಾಗಿ ಬಂದದ್ದನ್ನು ಕನ್ನಡದ ಹಾರರ್ ಓದುಗರು ಒಮ್ಮೆ ನೋಡಲೇಬೇಕು.

ಪರವಾನಗಿ, ಮತ್ತು 173ರ ಚಿತ್ರ

ತಾಣದ ಎಲ್ಲ ಬರಹಗಳೂ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ 3.0 ಪರವಾನಗಿಯಲ್ಲಿವೆ. ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಮಾರಲೂಬಹುದು. ಷರತ್ತು ಎರಡು: ಮೂಲ ಲೇಖಕರ ಹೆಸರು ಮತ್ತು ಕೊಂಡಿ ಕೊಡಬೇಕು, ತಾವು ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಆಟಗಳು, ಚಿತ್ರಗಳು, ಯೂಟ್ಯೂಬ್ ವಾಚನಗಳು ಹುಟ್ಟಿ ಬಳಗಕ್ಕೆ ಹೊಸ ಜನ ಬಂದದ್ದು ಈ ಬಾಗಿಲಿನಿಂದಲೇ. ರೆಡಿಟ್‌ನ ನೋಸ್ಲೀಪ್ ಎಂಬ ಭಯಕಥೆಗಳ ಬಳಗದಲ್ಲಿ ಹಕ್ಕು ಲೇಖಕರದ್ದೇ. ಅಲ್ಲಿನ ಕಥೆಗಳನ್ನು ಕೇಳದೆ ಓದಿ ಹಣ ಮಾಡುವ ಚಾನಲ್‌ಗಳ ವಿರುದ್ಧ 2020ರ ಫೆಬ್ರುವರಿಯಲ್ಲಿ ಆ ಬಳಗವನ್ನೇ ಒಂದು ವಾರ ಮುಚ್ಚಿ ಪ್ರತಿಭಟಿಸಬೇಕಾಯಿತು.

ಮುಕ್ತ ಪರವಾನಗಿಗೂ ಬೆಲೆಯಿದೆ. ಎಸ್‌ಸಿಪಿ ತಾಣದಲ್ಲಿ ಬೆಳೆದ ಒಂದು ಕಾದಂಬರಿ 2025ರಲ್ಲಿ ದೊಡ್ಡ ಪ್ರಕಾಶನದಿಂದ ಬಂದಾಗ ಫೌಂಡೇಶನ್ನಿನ ಗುರುತುಗಳನ್ನೆಲ್ಲ ಕಿತ್ತು ಮತ್ತೆ ಬರೆಯಬೇಕಾಯಿತು. 2019ರಲ್ಲಿ ರಷ್ಯಾದ ಒಬ್ಬ ವ್ಯಕ್ತಿ ಬಳಗದ ಹೆಸರನ್ನೇ ತನ್ನ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡು ಅಲ್ಲಿನ ಶಾಖೆಗೆ ಕಾಟ ಕೊಟ್ಟಾಗ, ಬಳಗ ಚಂದಾ ಎತ್ತಿ ವಕೀಲರನ್ನು ಹಿಡಿಯಬೇಕಾಯಿತು. ಬರಹದ ಪರವಾನಗಿ ಹೆಸರನ್ನು ಕಾಯುವುದಿಲ್ಲ. ಹೆಸರಿಗೆ ಬೇರೆ ನೋಂದಣಿ ಬೇಕು.

ದೊಡ್ಡ ಪೆಟ್ಟು ಬಿದ್ದದ್ದು ಚಿತ್ರದ ವಿಷಯದಲ್ಲಿ. 173ರ ಜೊತೆಗಿದ್ದ ಚಿತ್ರ ಜಪಾನಿನ ಕಲಾವಿದ ಇಜುಮಿ ಕಾಟೊ ಅವರ 2004ರ ಶಿಲ್ಪದ್ದು, ಛಾಯಾಚಿತ್ರ ತೆಗೆದವರು ಕೈಸುಕೆ ಯಮಾಮೊಟೊ. ಮೊದಲ ಬಾರಿ ಅದನ್ನು ಹಾಕಿದಾಗ ಅನುಮತಿ ಕೇಳಿರಲಿಲ್ಲ. ತಿಳಿದ ಮೇಲೆ ಕಾಟೊ ಇಷ್ಟವಿಲ್ಲದಿದ್ದರೂ ಲಾಭವಿಲ್ಲದ ಬಳಕೆಗೆ ಮಾತ್ರ ಒಪ್ಪಿಕೊಂಡರು. ಮಾರಾಟಕ್ಕೂ ಅವಕಾಶ ಕೊಡುವ ಪುಟದಲ್ಲಿ ಮಾರಾಟಕ್ಕೆ ಒಪ್ಪದ ಚಿತ್ರ! ವರ್ಷಗಳ ಕಾಲ ಈ ಇಕ್ಕಟ್ಟು ಎಳೆದು, ಕೊನೆಗೆ 2022ರ ಫೆಬ್ರುವರಿಯಲ್ಲಿ ಚಿತ್ರವನ್ನು ತೆಗೆದರು. ಬದಲಿ ಚಿತ್ರ ಹಾಕಲಿಲ್ಲ. ಇಡೀ ಬಳಗದ ಮುಖವಾಗಿದ್ದ ಚಿತ್ರ ಅದು. ಒಬ್ಬ ಕಲಾವಿದನ ಕೃತಿ ಅವನ ಇಚ್ಛೆಯನ್ನು ಮೀರಿ ಲೋಕವೆಲ್ಲ ಅಲೆದಿತ್ತು. ತೆಗೆದದ್ದು ಸರಿ, ಹಾಕಿದ ದಿನವೇ ಕೇಳಿದ್ದರೆ ಇನ್ನೂ ಸರಿಯಿತ್ತು.

ಆದ್ದರಿಂದ ಚಿತ್ರ ಹಾಕುವಾಗ ನಾಲ್ಕು ವಿವರ ಪುಟದಲ್ಲೇ ದಾಖಲಾಗಬೇಕು: ಕಡತದ ಹೆಸರು, ತೆಗೆದವರು, ಪರವಾನಗಿ, ಮೂಲದ ಕೊಂಡಿ. ಸಿಸಿ0 (ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟದ್ದು), ಬಿವೈ (ಹೆಸರು ಹೇಳಿದರೆ ಸಾಕು), ಬಿವೈ-ಎಸ್‌ಎ ಮತ್ತು ಸಾರ್ವಜನಿಕ ಸ್ವತ್ತಿನ ಚಿತ್ರಗಳು ನಡೆಯುತ್ತವೆ. ಎನ್‌ಸಿ (ವಾಣಿಜ್ಯ ಬಳಕೆ ಸಲ್ಲದು) ಅಥವಾ ಎನ್‌ಡಿ (ಬದಲಾವಣೆ ಸಲ್ಲದು) ಎಂದಿದ್ದರೆ ಈ ಪರವಾನಗಿಯ ಜೊತೆ ಹೊಂದುವುದಿಲ್ಲ. ಹುಡುಕಲು ವಿಕಿಮೀಡಿಯ ಕಾಮನ್ಸ್ ಒಳ್ಳೆಯ ಜಾಗ. ಊರಿನ ಪಾಳುಬಿದ್ದ ಮನೆಯ ಚಿತ್ರವನ್ನು ಸದಸ್ಯರೇ ತೆಗೆದರೆ ಇನ್ನೂ ಒಳ್ಳೆಯದು, ಆದರೆ ಅದು ಯಾರದೋ ಮನೆ ಎಂಬುದು ನೆನಪಿರಲಿ. ವಿಳಾಸ ಗುರುತು ಸಿಗುವಂತಿದ್ದರೆ 'ದೆವ್ವದ ಮನೆ' ನೋಡಲು ಜನ ಅಲ್ಲಿಗೆ ಹೋಗುತ್ತಾರೆ, ಮಾಲೀಕರಿಗೆ ಅದು ನಿಜವಾದ ಕಾಟ.

ಕಟ್ಟುಕಥೆ ಎಂದು ಹೇಳುವುದು

2014ರ ಮೇ 31ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಕೆಶಾದಲ್ಲಿ 12 ವರ್ಷದ ಇಬ್ಬರು ಹುಡುಗಿಯರು ತಮ್ಮ ಗೆಳತಿಯನ್ನೇ ಚೂರಿಯಿಂದ ಇರಿದರು. 2009ರಲ್ಲಿ ಅಂತರ್ಜಾಲದಲ್ಲಿ ಹುಟ್ಟಿದ ಸ್ಲೆಂಡರ್ ಮ್ಯಾನ್ ಎಂಬ ಕಾಲ್ಪನಿಕ ಆಕೃತಿ ನಿಜವೆಂದು ಅವರು ನಂಬಿದ್ದರು. ಇರಿತಕ್ಕೊಳಗಾದ ಹುಡುಗಿ ಬದುಕಿಕೊಂಡಳು. ಅಂತರ್ಜಾಲದ ಹಾರರ್ ಬಳಗಗಳೆಲ್ಲ ಅಂದು ತಮ್ಮ ಓದುಗರ ವಯಸ್ಸಿನ ಬಗ್ಗೆ ಯೋಚಿಸಬೇಕಾಯಿತು. ಎಸ್‌ಸಿಪಿ ಬರಹಗಳು ನಿಜದ ದಾಖಲೆಯ ವೇಷದಲ್ಲಿದ್ದರೂ ತಾಣ ತಾನು ಸೃಜನಶೀಲ ಬರವಣಿಗೆಯ ಬಳಗವೆಂದು ಮುಚ್ಚಿಡುವುದಿಲ್ಲ. ಪ್ರತಿ ಪುಟಕ್ಕೂ ಲೇಖಕರ ಹೆಸರಿದೆ, ಕೆಳಗೆ 'ಈ ವಾಕ್ಯ ಸಡಿಲವಾಗಿದೆ' ಎಂಬಂಥ ಚರ್ಚೆಯಿದೆ. ವಯಸ್ಕರಿಗೆ ಮಾತ್ರವಾದ ಬರಹಗಳ ಮುಂದೆ ಎಚ್ಚರಿಕೆಯ ಪುಟ ತೆರೆಯುತ್ತದೆ. ಭಯ ಬರಹದ ಒಳಗಿರುತ್ತದೆ, ಗೊಂದಲ ಹೊರಗೆ ಹರಿಯುವುದಿಲ್ಲ.

ಕರ್ನಾಟಕದಲ್ಲಿ ಈ ಅಂಶ ಇನ್ನೂ ಮುಖ್ಯ. ದೆವ್ವ, ಮಾಟ ಎಂದು ಬರೆದ ಯಾವುದೇ ಜಾಗಕ್ಕೆ ವಶೀಕರಣದ ಜಾಹೀರಾತುಗಳು, ಫೋನ್ ನಂಬರ್ ಸಮೇತ ಬರುತ್ತವೆ. ಹೆದರಿ, ನೊಂದು ಬಂದ ಓದುಗ ಆ ನಂಬರಿಗೆ ಕರೆ ಮಾಡಿದರೆ ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾನೆ. ವಾಮಾಚಾರದ ವಿರುದ್ಧ ರಾಜ್ಯದಲ್ಲಿ 2017ರ ಕಾಯ್ದೆಯೂ ಇದೆ. ಫೋನ್ ನಂಬರ್ ಇರುವ ಎಲ್ಲ ಸಂದೇಶಗಳನ್ನೂ ತಡೆಹಿಡಿದು, ನಿರ್ವಾಹಕರು ನೋಡಿದ ಮೇಲೆ ಬಿಡುವಂತೆ ಮೊದಲೇ ಹೊಂದಿಸಬೇಕು. 'ನಮ್ಮ ಪಕ್ಕದ ಮನೆಯ ಅಜ್ಜಿ ಮಾಟ ಮಾಡುತ್ತಾಳೆ' ಎಂಬಂಥ ಮಾತು, ಊರು ಹೆಸರಿದ್ದರೆ, ತಕ್ಷಣ ಅಳಿಯಬೇಕು. ಅದು ಕಥೆಯಲ್ಲ, ಒಬ್ಬ ಹೆಂಗಸಿನ ಮೇಲಿನ ಆರೋಪ. ಸದಸ್ಯರ ಮಾಹಿತಿ ಸಂಗ್ರಹಿಸುವವರು ತಿಳಿದಿರಬೇಕಾದ ಇನ್ನೊಂದು ಸಂಗತಿ, ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಅಡ್ಡಹೆಸರು ಮತ್ತು ಇಮೇಲ್ ಬಿಟ್ಟು ಏನನ್ನೂ ಕೇಳದಿರುವುದು ಸುಲಭದ ದಾರಿ.

ಕನ್ನಡದಲ್ಲಿ ಇದೇ ಕೆಲಸ

ಎಸ್‌ಸಿಪಿ ಬರಹಗಳನ್ನು ಕನ್ನಡಕ್ಕೆ ತರಲು ಯಾರ ಅನುಮತಿಯೂ ಬೇಕಿಲ್ಲ. ಮೂಲ ಲೇಖಕರ ಹೆಸರು, ಕೊಂಡಿ, ಅದೇ ಪರವಾನಗಿ, ಅನುವಾದಕರ ಹೆಸರು ಇದ್ದರೆ ಸಾಕು. ಆದರೆ ಅನುವಾದದಿಂದಲೇ ಬಳಗ ನಿಲ್ಲದು. ಜಪಾನಿ, ರಷ್ಯನ್, ಕೊರಿಯನ್ ಶಾಖೆಗಳು ಸ್ವಂತ ದಾಖಲೆಗಳನ್ನು ತಮ್ಮದೇ ಸಂಖ್ಯೆಯಲ್ಲಿ ಬರೆದವು, ಅವುಗಳಲ್ಲಿ ಕೆಲವು ತಿರುಗಿ ಇಂಗ್ಲಿಷಿಗೆ ಹೋದವು.

ಸ್ವಂತ ನಮೂನೆ ಹುಡುಕುವವರಿಗೆ ಕನ್ನಡದಲ್ಲಿ ಸಿದ್ಧವಾದ ಭಾಷೆಯೇ ಇದೆ: ಸರ್ಕಾರಿ ಸುತ್ತೋಲೆ, ಪೊಲೀಸ್ ಮಹಜರು, ಗ್ರಾಮ ಪಂಚಾಯಿತಿಯ ನಡಾವಳಿ. 'ಸದರಿ ಬಾವಿಯಿಂದ ಸೂರ್ಯಾಸ್ತದ ನಂತರ ನೀರು ಸೇದತಕ್ಕದ್ದಲ್ಲ. ಬಾವಿಯೊಳಗಿಂದ ಹೆಸರು ಹಿಡಿದು ಕರೆದ ಪಕ್ಷದಲ್ಲಿ, ಕರೆದ ಧ್ವನಿ ಯಾರದೆಂಬುದನ್ನು ರಿಜಿಸ್ಟರಿನಲ್ಲಿ ನಮೂದಿಸಿ, ಆ ವ್ಯಕ್ತಿ ಜೀವಂತವಿರುವುದನ್ನು ಮನೆಗೆ ಹೋಗಿ ಖಚಿತಪಡಿಸಿಕೊಳ್ಳತಕ್ಕದ್ದು.' ಈ ಭಾಷೆಗೆ ಭಾವವಿಲ್ಲ, ಆದ್ದರಿಂದಲೇ ಅದು ಹೆದರಿಸುತ್ತದೆ. ಪಹಣಿ, ಪಂಚನಾಮೆ, ಟಿಪ್ಪಣಿ ಪುಟ ಎಲ್ಲವೂ ಓದುಗರ ಕೈಗೆ ನಿತ್ಯ ಬರುವ ಕಾಗದಗಳು. ಅವುಗಳಲ್ಲಿ ಒಂದು ಸಾಲು ಮಾತ್ರ ಸರಿಯಿಲ್ಲವೆಂದರೆ ಸಾಕು.

ಆರಂಭಕ್ಕೆ ಬೇಕಾದದ್ದು ಹೆಚ್ಚೇನಲ್ಲ. ಬಾಗಿಲು ತೆರೆಯುವ ಮುನ್ನ ಹನ್ನೆರಡರಿಂದ ಹದಿನೈದು ಗಟ್ಟಿ ಬರಹಗಳು ಸಿದ್ಧವಿರಲಿ, ಕನಿಷ್ಠ ನಾಲ್ಕು ಜನರ ಕೈಯಿಂದ ಬಂದಿರಲಿ. ಒಬ್ಬರೇ ಬರೆದಿದ್ದರೆ ಅದು ಅವರ ಸ್ವಂತ ಪುಟದಂತೆ ಕಾಣುತ್ತದೆ, ಹೊಸಬರು ಒಳಗೆ ಬರಲು ಸಂಕೋಚ ಪಡುತ್ತಾರೆ. ಸಂಖ್ಯೆಗಳನ್ನು ಒಂದರಿಂದ ಹದಿನೈದಕ್ಕೆ ಸಾಲಾಗಿ ಕೊಡದೆ 7, 31, 112 ಎಂದು ಬಿಡಿಸಿ ಕೊಟ್ಟರೆ ನಡುವಿನ ಖಾಲಿ ಜಾಗಗಳೇ ಆಹ್ವಾನವಾಗುತ್ತವೆ. ನಿರ್ವಾಹಕರು ಬೆಸ ಸಂಖ್ಯೆಯಲ್ಲಿರಲಿ, ಮೂರು ಅಥವಾ ಐದು, ಮತ ಸಮವಾದರೆ ತೀರ್ಮಾನ ನಿಲ್ಲದಿರಲು. ಉದ್ದ 400ರಿಂದ 800 ಪದಗಳ ಒಳಗಿರಲಿ. ಮೊಬೈಲಿನಲ್ಲಿ ಕನ್ನಡ ಓದುವವರು ಅದಕ್ಕಿಂತ ಹೆಚ್ಚಾದರೆ ನಡುವೆ ಬಿಡುತ್ತಾರೆ. ಬರಹ ಯೂನಿಕೋಡಿನಲ್ಲೇ ಇರಬೇಕು. ಹಳೆಯ ನುಡಿ ಫಾಂಟಿನ ಕಡತವನ್ನು ಪರಿವರ್ತಿಸದೆ ಅಂಟಿಸಿದರೆ ಹುಡುಕಾಟದಲ್ಲಿ ಸಿಗುವುದಿಲ್ಲ, ಚಿತ್ರವಾಗಿ ಹಾಕಿದರೆ ತಿದ್ದಲಾಗದು, ದೃಷ್ಟಿ ಇಲ್ಲದವರ ತಂತ್ರಾಂಶ ಅದನ್ನು ಓದಿ ಹೇಳಲಾರದು. ಮೊದಲ ಸ್ಪರ್ಧೆಯನ್ನು ಮೂರನೆಯ ತಿಂಗಳಿಗೆ ಇಟ್ಟುಕೊಳ್ಳಿ, ಏಕೆಂದರೆ ಉತ್ಸಾಹ ಇಳಿಯುವುದು ಆಗಲೇ. ವಸ್ತು ಕಿರಿದಾಗಿರಲಿ: ಒಂದು ಬಸ್ ನಿಲ್ದಾಣ, ಅಥವಾ ಕೆರೆ ಏರಿ, ಅಥವಾ ಮುಚ್ಚಿದ ಶಾಲೆ. ಗೆದ್ದವರಿಗೆ ಬಹುಮಾನ ಹಣವಲ್ಲ, 100ನೆಯ ಸಂಖ್ಯೆ.